ಸುಲ್ತಾನನ ಕತೆಗೆ ಸಿಕ್ಕಿದ ದಾರಂದ

ಓದಿದವರಿಗೆ ಬಾಯಿ ಮುಚ್ಚಿಕೊಳ್ಳುವುದನ್ನು ಯಾಕೆ ಕಲಿಸುವುದಿಲ್ಲವೋ ನನಗೆ ಗೊತ್ತಿಲ್ಲ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಾರ್ಕಳದಲ್ಲಿ ಉಳಿ ಹಿಡಿದವನು. ನಾನು ನಿಲ್ಲಿಸಿದ ಕಲ್ಲು ಇವತ್ತಿನವರೆಗೆ ಒಂದೂ ವಾಲಿಲ್ಲ.

ಅಂಬಲಪಾಡಿಯಲ್ಲಿ ಮನೆ ಕಟ್ಟಿಸುತ್ತಿದ್ದವರು ನಿವೃತ್ತ ಇತಿಹಾಸ ಮೇಷ್ಟ್ರು. ಪೆರ್ಡೂರಿನಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಪಾಲಾಗಿ ಕೆಡವುತ್ತಿದ್ದ ಮನೆಯೊಂದರ ಶಿಲೆಕಲ್ಲಿನ ದಾರಂದ ಅವರಿಗೆ ಮೆಚ್ಚಿಗೆಯಾಯಿತು. ಬಾಗಿಲ ಚೌಕಟ್ಟಿನ ಉದ್ದಕ್ಕೂ ಹೂಬಳ್ಳಿ. ಅಂಥ ಕೆಲಸ ಈಗ ಮಾಡಿಸುವವರಿಲ್ಲ. ಮೂಲೆ ಮುಕ್ಕಾಗದಂತೆ ಬಿಚ್ಚಿ, ಬೈಹುಲ್ಲಿನಲ್ಲಿ ಸುತ್ತಿ ತಂದೆ. ನನ್ನ ಜೊತೆಗಿರುವ ಬಾಗಲಕೋಟೆ ಕಡೆಯ ಕೆಲಸದವರು ಅದನ್ನು ಬಾಣಂತಿಯನ್ನು ಇಳಿಸಿದ ಹಾಗೆ ಲಾರಿಯಿಂದ ಇಳಿಸಿದರು.

ದಾರಂದ ಇಡುವ ಬೆಳಿಗ್ಗೆ ಭಟ್ಟರಿಗಿಂತ ಮೊದಲು ಮೇಷ್ಟ್ರ ತಾಯಿ ಬಂದರು. ಕಲ್ಲು ಎಲ್ಲಿಯದೆಂದು ಕೇಳಿದರು. ಹೊಸತೋ ಹಳತೋ ಎಂದು ಕೇಳಿರಲಿಲ್ಲ. ಮೇಷ್ಟ್ರು ಇಡೀ ಪುರಾಣ ಬಿಚ್ಚಿದರು. ಅಮ್ಮನ ಮುಖ ಸಣ್ಣದಾಯಿತು. ಒಡೆದ ಮನೆಯ ಬಾಗಿಲು ತಂದರೆ ಆ ಮನೆಯ ಜಗಳವೂ ಹಿಂದೆಯೇ ಬರುತ್ತದೆ ಎಂದು ನಂಬುವವರು ಅವರು.

ತಾಯಿಗೆ ಧೈರ್ಯ ತುಂಬಲು ಮೇಷ್ಟ್ರು ಒಬ್ಬ ಸುಲ್ತಾನನ ಕತೆ ತೆಗೆದರು. ಧರ್ಮಯುದ್ಧಕ್ಕೆಂದು ಯುರೋಪಿನಿಂದ ಬಂದ ಕ್ರುಸೇಡ್ ಯೋಧರು ಇನ್ನೂರು ವರ್ಷದ ಹತ್ತಿರ ಪ್ಯಾಲೆಸ್ತೀನಿನ ಕರಾವಳಿ ಆಳಿದ್ದರಂತೆ. ಗುಲಾಮ ಸೈನಿಕರ ವಂಶದ, ಈಜಿಪ್ಟಿನ ಮಮ್ಲೂಕ್ ಸುಲ್ತಾನ ದೊಡ್ಡ ಕವಣೆಗಳನ್ನು ಹೂಡಿ ಅವರ ಕೊನೆಯ ದೊಡ್ಡ ಪಟ್ಟಣ ಏಕರ್ ಎಂಬುದನ್ನು ಗೆದ್ದನಂತೆ. ಅವರು ಮತ್ತೆ ಹಡಗಿನಲ್ಲಿ ಬಂದರೆ ಹಿಡಿಯಲು ನೆಲೆ ಇರಬಾರದೆಂದು ಕೋಟೆಯನ್ನೇ ಕೆಡವಿಸಿದನಂತೆ. ಆದರೆ ಒಂದು ಇಗರ್ಜಿಯ ಅಮೃತಶಿಲೆಯ ಬಾಗಿಲನ್ನು ಮಾತ್ರ ಬಿಚ್ಚಿಸಿ ಕೈರೋಗೆ ಸಾಗಿಸಿದರು, ಏಳುನೂರು ವರ್ಷ ಕಳೆದರೂ ಅದು ಇವತ್ತಿಗೂ ಮದರಸಾವೊಂದರ ಬಾಗಿಲಾಗಿ ನಿಂತಿದೆ ಎಂದರು.

ನನಗೇ ಎದೆ ಉಬ್ಬಿತು. ಅಮ್ಮನೂ ಮೆತ್ತಗಾದರು. ಅಲ್ಲಿಗೆ ನಿಲ್ಲಿಸಬೇಕಿತ್ತು.

“ಆ ಸುಲ್ತಾನ ಚಂದ ಬಾಳಿದನಾ ಮಗಾ?”

ನಾನು ಕೆಮ್ಮಿದೆ. ಕಣ್ಸನ್ನೆ ಮಾಡಿದೆ. ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ.

“ಇಲ್ಲಮ್ಮ. ಮೂರು ವರ್ಷ ತುಂಬುವ ಮೊದಲೇ ಬೇಟೆಗೆ ಹೋದಲ್ಲಿ ಅವನ ಸರದಾರರೇ ಕೊಂದರು. ಆ ಮದರಸಾ ಕಟ್ಟಲು ಶುರು ಮಾಡಿದ ಇನ್ನೊಬ್ಬ ಸುಲ್ತಾನ ಪಟ್ಟ ಕಳಕೊಂಡ.”

ಕೇಳಿದ್ದಕ್ಕಿಂತ ಒಂದು ಹೆಚ್ಚೇ ಕೊಟ್ಟರು. ನನಗೆ ತಡೆಯಲಿಲ್ಲ.

“ಅಮ್ಮ, ಬಾಗಿಲು ಗಟ್ಟಿ ಉಂಟಲ್ವಾ? ಏಳುನೂರು ವರ್ಷ ಆಯಿತು.”

“ಬಾಗಿಲು ಉಂಟು ಮಾರಾಯ. ಒಳಗಿದ್ದವರು ಎಲ್ಲಿ?” ಎಂದರು ಅಮ್ಮ. “ನನಗಿರುವುದು ಇಬ್ಬರು ಮಕ್ಕಳು. ಇವನೂ ತಮ್ಮನೂ ಈಗಲೇ ಫೋನಿನಲ್ಲಿ ಮಾತ್ರ ಮಾತಾಡುವುದು.”

ಮುಹೂರ್ತ ಮುಂದೆ ಹೋಯಿತು, ಉಡುಪಿ ಪೇಟೆಯಿಂದ ಸಾಗುವಾನಿಯ ದಾರಂದ ಬಂತು. ಕಲ್ಲು ಕುಕ್ಕುಂದೂರಿನ ನನ್ನ ಅಂಗಳಕ್ಕೆ ಬಂತು.

ಮೊನ್ನೆ ಕಾಪುವಿನಿಂದ ಬೋಟಿನ ಮಾಲಕರೊಬ್ಬರು ಬಂದಿದ್ದರು. ಬಳ್ಳಿಯ ಮೇಲೆ ಕೈಯಾಡಿಸಿ, ಇದೇ ಬೇಕು ಎಂದರು. ಎಲ್ಲಿಯದು ಎಂದು ಕೇಳಿದರು. ಕಾರ್ಕಳದ್ದು ಎಂದಿದ್ದರೆ ಮುಗಿಯುತ್ತಿತ್ತು. ಅವರೊಂದಿಗೆ ಅವರ ಅಣ್ಣನೂ ಬಂದಿದ್ದರು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದವರು.

ಪೆರ್ಡೂರಿನದು, ಪಾಲಾದ ಮನೆಯದು ಎಂದೆ.

ಚಾ ಅರ್ಧಕ್ಕೇ ಬಿಟ್ಟು ಹೋದರು. ಮೇಷ್ಟ್ರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.