ಅಕ್ಕನ ದವಡೆಯ ನಾಲ್ಕು ಸ್ಕ್ರೂ

ಯಾದಗಿರಿಯ ಆ ಹಲ್ಲಿನ ದವಾಖಾನೆಯಲ್ಲಿ ನಾನು ಒದರಾಡಿದ್ದನ್ನು ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಂದಿಯೆಲ್ಲ ಕೇಳಿದ್ದಾರೆ. ಶಹಾಪುರಕ್ಕೆ ಬಂದ ಮೇಲೆ ನನ್ನ ಅಂಗಡಿ ಮುಂದೆ ನಿಂತವರಿಗೆಲ್ಲ ಅದನ್ನೇ ಹೇಳಿದೆ. ಆ ಡಾಕ್ಟರಮ್ಮ ನಮ್ಮ ಅಕ್ಕನ ಬಾಯಿ ಕೆಡಿಸಿದಳು ಎಂದೆ. ಸುರಪುರದಲ್ಲಿ ಬೀಗರ ಮನೆಯ ಊಟದ ಸಾಲಿನಲ್ಲಿ ಕೂತಾಗಲೂ ಹೇಳಿದೆ. ಹೇಳಿದಷ್ಟು ಸಲವೂ ಮೈಯೆಲ್ಲ ಉರಿಯುತ್ತಿತ್ತು. ಉರಿ ನಿಜ, ಮಾತು ಸುಳ್ಳು. ಅಕ್ಕನ ಬಾಯಿ ಕೆಡಿಸಿದವನು ನಾನು.

ನಾನು ಐದನೆಯ ತರಗತಿಗೆ ಸಾಲಿ ಬಿಟ್ಟವನು. ಮನೆ ಸಗರದಲ್ಲಿ, ಅಂಗಡಿ ಶಹಾಪುರದಲ್ಲಿ. ಹೊಲಿಗೆ ಯಂತ್ರದ ರಿಪೇರಿ ನನ್ನ ಕಸುಬು. ಗಂಡ ತೀರಿದ ಮೇಲೆ ಅಕ್ಕ ನಮ್ಮ ಮನೆಗೇ ಬಂದಳು. ಬಂದ ಮೂರನೆಯ ದಿನದಿಂದ ಖಾನಾವಳಿಗೆ ಖಡಕ್ ರೊಟ್ಟಿ ಮಾಡಿಕೊಡಲು ಶುರು ಮಾಡಿದಳು. ಒಲೆಯ ಮುಂದೆ ಸಾಲಾಗಿ ನಿಲ್ಲಿಸಿದ ರೊಟ್ಟಿಗಳಲ್ಲಿ ಒಂದರ ಅಂಚು ಮುರಿದು ಬಾಯಿಗೆ ಹಾಕಿಕೊಂಡು ಕಟಕ್ ಎಂದು ಕಡಿದರೆ ಅವಳಿಗೆ ತಿಳಿಯುತ್ತಿತ್ತು, ತೆಗೆಯಬೇಕೋ ಇನ್ನಷ್ಟು ಹೊತ್ತು ಬಿಡಬೇಕೋ ಎಂದು.

ನಲವತ್ತು ದಾಟುವುದರೊಳಗೆ ಅವಳ ಒಸಡು ಕೆಟ್ಟು ಕೆಳಗಿನ ಹಲ್ಲೆಲ್ಲ ಹೋದವು. ಮೇಲಿನವು ಹೇಗೋ ಉಳಿದವು. ಮೊದಲು ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟುಹಲ್ಲಿನ ಪಟ್ಟಿ ಮಾಡಿಸಿದೆವು. ಕೆಳಗಿನ ಪಟ್ಟಿಗೆ ಹಿಡಿತವೇ ಇರಲಿಲ್ಲ. ಮಾತಾಡಿದರೆ ಏಳುತ್ತಿತ್ತು, ಕಡಿದರೆ ಜಾರುತ್ತಿತ್ತು. ಉಣ್ಣುವಾಗ ಅದನ್ನು ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದಳು. ನಾಲ್ಕು ಮಂದಿಯ ನಡುವೆ ಉಣ್ಣುವುದನ್ನೇ ಬಿಟ್ಟಳು.

ಆಮೇಲೆ ಯಾದಗಿರಿಯ ಡಾಕ್ಟರಮ್ಮ ಅವಳ ದವಡೆಯ ಎಲುಬಿನಲ್ಲಿ ನಾಲ್ಕು ಕಡೆ ಲೋಹದ ಗೂಟ ನೆಟ್ಟಳು. ಗಾಯ ಮಾದ ಮೇಲೆ, ಕಂಬಗಳ ಮೇಲೆ ತೊಲೆ ಕೂಡಿಸಿದ ಹಾಗೆ ಆ ಗೂಟಗಳ ಮೇಲೆ ಇಡೀ ಹಲ್ಲಿನ ಸಾಲನ್ನು ಇಟ್ಟು, ನಾಲ್ಕು ಸಣ್ಣ ಸ್ಕ್ರೂಗಳಿಂದ ಬಿಗಿದಳು. ಸ್ಕ್ರೂಗಳ ತೂತಿಗೆ ಬಿಳಿ ಮದ್ದು ತುಂಬಿ ಮುಚ್ಚಿದಳು. ಬಿಗಿಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಕೈಯಲ್ಲಿದ್ದ, ಸ್ಕ್ರೂ ತಿರುವುವ ಸಣ್ಣ ಪಾನಾಕ್ಕೆ ಅಳತೆಯಿತ್ತು. ಅಳತೆ ಮುಟ್ಟಿದರೆ ಅದು ತಾನೇ ಬಾಗಿ ಇಷ್ಟು ಸಾಕು ಎಂದು ತೋರಿಸುತ್ತಿತ್ತು. "ವರ್ಷಕ್ಕೊಮ್ಮಿ ಕರ್ಕೊಂಡು ಬರ್ರಿ, ಸ್ಕ್ರೂ ನೋಡಬೇಕಾಗ್ತದ. ಬ್ಯಾರೆ ಯಾರೂ ಕೈ ಹಚ್ಚಬಾರದು" ಎಂದಳು. ಹೂಂ ಎಂದವನು ನಾನು.

ಒಂಬತ್ತು ವರ್ಷ ಅಕ್ಕ ಆ ಹಲ್ಲಿನಿಂದ ಖಡಕ್ ರೊಟ್ಟಿ ತಿಂದಳು, ಹುರಿದ ಶೇಂಗಾ ತಿಂದಳು, ಮದುವೆಗಳಲ್ಲಿ ಸಾಲಿನಲ್ಲಿ ಕೂತು ಉಂಡಳು. ಮೊದಲ ಆರು ವರ್ಷ ತಪ್ಪದೆ ತೋರಿಸಿಕೊಂಡು ಬಂದೆವು. ಆಮೇಲೆ ನಾನು ಬಿಟ್ಟೆ. ಅಂಗಡಿ ಮುಚ್ಚಿ ಹೋಗಬೇಕು, ಸರದಿ ಕಾಯಬೇಕು, ಆಕೆ ನೋಡಿ ಎಲ್ಲ ಸರಿ ಇದೆ ಎನ್ನಬೇಕು. ಸರಿ ಇದ್ದದ್ದನ್ನು ಏನು ತೋರಿಸುವುದು ಎಂದುಕೊಂಡೆ. ಅಕ್ಕ ಎರಡು ಸಲ ನೆನಪಿಸಿದಳು. ಮೂರನೆಯ ಸಲ ನೆನಪಿಸಲಿಲ್ಲ.

ಒಂದು ಮುಂಜಾನೆ ಬಾಯಿಗೆ ಕೈ ಒತ್ತಿಕೊಂಡು ಬಂದಳು.

"ತಮ್ಮಾ, ಕೆಳಗಿನ ಸಾಲು ಅಲಗ್ಯಾಡಾಕತ್ತಾದ."

ಬೆಳಕಿಗೆ ಹಿಡಿದು ನೋಡಿದೆ. ಒಂದು ಹಲ್ಲಿನ ಬಿಳಿ ಮದ್ದು ಉದುರಿ, ತೂತಿನ ಒಳಗೆ ಸ್ಕ್ರೂ ತಲೆ ಕಾಣುತ್ತಿತ್ತು. ಸ್ಕ್ರೂ ಎಂದರೆ ನನ್ನ ಕಸುಬೇ ಅಲ್ಲವೇ ಎಂದು ನನಗೆ ಖುಷಿಯಾಯಿತು. ಇದನ್ನು ಬರೆಯುವಾಗ ಆ ಖುಷಿಯನ್ನು ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

"ಇಷ್ಟಕ್ಕ ಯಾದಗಿರಿಗ್ಯಾಕ ಹೋಗೋದು? ಕುಂಡ್ರು ಇಲ್ಲೇ" ಎಂದೆ.

"ಯಾರೂ ಕೈ ಹಚ್ಚಬಾರದು ಅಂದಿದ್ರಲ್ಲೋ ಆಕಿ."

"ಹಂಗನ್ನದಿದ್ರ ಅವರ ಅಂಗಡಿ ಹೆಂಗ ನಡೀಬೇಕಕ್ಕಾ?"

ಸಣ್ಣ ಸ್ಕ್ರೂಡ್ರೈವರ್ ಒಂದರ ತುದಿಯನ್ನು ಕಲ್ಲಿಗೆ ಉಜ್ಜಿ ಆ ತಲೆಗೆ ಕೂಡುವಂತೆ ಮಾಡಿದೆ. ಬಿಸಿನೀರಿನಲ್ಲಿ ತೊಳೆದೆ. ಕೈಗೆ ಸಮಾಧಾನ ಆಗುವವರೆಗೆ ಬಿಗಿದೆ. ತೂತಿಗೆ ಮೇಣ ತುಂಬಿದೆ. ಆ ಮಧ್ಯಾಹ್ನ ಅಕ್ಕ ಇಡೀ ರೊಟ್ಟಿ ಕಡಿದು ತಿಂದಳು. ಓಣಿಯಲ್ಲಿ ಸುದ್ದಿಯಾಯಿತು. ಪಕ್ಕದ ಮನೆಯವಳು ಕಟ್ಟೆಯ ಮೇಲಿಂದಲೇ ಕೇಳಿದಳು, "ಯಣ್ಣಾ, ನಮ್ಮತ್ತಿ ಬಾಯಿ ಮುಚ್ಚಂಗೇ ಇಲ್ಲ, ಅದಕ್ಕೂ ಒಂದು ಸ್ಕ್ರೂ ಬಿಗೀತೀಯೇನು?" ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಎರಡು ತಿಂಗಳಿಗೆ ಮತ್ತೆ ಸಡಿಲಾಯಿತು. ಬಿಗಿದೆ. ಮತ್ತೆ ಬಿಗಿದೆ. ಉಳಿದ ಮೂರು ಸ್ಕ್ರೂ ಹೇಗಿವೆ, ಇದೊಂದೇ ಯಾಕೆ ಹೀಗಾಗುತ್ತಿದೆ ಎಂದು ಕೇಳಿಕೊಳ್ಳಲಿಲ್ಲ. ಯಂತ್ರವಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ನಾಲ್ಕನೆಯ ಸಲ ತಿರುವುವಾಗ ಟಿಕ್ ಎಂದಿತು. ಆ ಸಪ್ಪಳ ನನಗೆ ಗೊತ್ತು. ಸ್ಕ್ರೂ ಒಳಗೇ ಮುರಿದಾಗ ಬರುವ ಸಪ್ಪಳ ಅದು.

ಅಕ್ಕ ಬಾಯಿ ತೆರೆದುಕೊಂಡೇ ಕಣ್ಣಿನಲ್ಲಿ ಕೇಳಿದಳು.

"ಆತು, ಗಟ್ಟಿ ಆಗ್ಯಾದ" ಎಂದೆ. ಮೇಣ ತುಂಬಿ ಮುಚ್ಚಿದೆ.

ಅಂದೇ ಬಸ್ಸು ಹತ್ತಿದ್ದರೆ ಒಂದೇ ಸ್ಕ್ರೂವಿನ ಮಾತಾಗಿ ಮುಗಿಯುತ್ತಿತ್ತು. ಆದರೆ ನಾನು ಒಂದು ವರ್ಷ ಸುಮ್ಮನಿದ್ದೆ. ಮುರಿದ ಕಡೆಯ ಭಾರ ಪಕ್ಕದ ಗೂಟದ ಮೇಲೆ ಬಿತ್ತು. ಅದರ ಬುಡದಲ್ಲಿ ಬಾವು ಬಂತು, ಕೀವು ಬಂತು. ಅವಳು ಒಂದೇ ಮಗ್ಗುಲಲ್ಲಿ ಅಗಿಯುವುದನ್ನು ನೋಡಿ, ನೋವಿದ್ದದ್ದನ್ನು ಯಾಕೆ ಹೇಳಲಿಲ್ಲ ಎಂದು ಅಕ್ಕನಿಗೇ ಬೈದೆ. "ನೀ ಗಟ್ಟಿ ಆಗ್ಯಾದ ಅಂದಿದ್ಯಲ್ಲ, ಮತ್ತೇನಂತ ಹೇಳ್ಲಿ?" ಎಂದಳು.

ಆಗ ಯಾದಗಿರಿಗೆ ಹೋದೆವು. ಡಾಕ್ಟರಮ್ಮ ಎಕ್ಸರೇ ನೋಡಿದಳು.

"ಒಂದು ಗೂಟದಾಗ ಸ್ಕ್ರೂ ಮುರದದ. ಅದರ ಬಾಜೂಕಿನ ಗೂಟ ಎಲುಬು ಬಿಟ್ಟದ. ಯಾರರ ಕೈ ಹಚ್ಯಾರೇನ್ರಿ?"

ಅಕ್ಕ ನನ್ನ ಕಡೆ ನೋಡಿದಳು.

"ಯಾರ್ ಹಚ್ತಾರ್ರಿ? ನೀವು ಹಾಕಿದ್ದೇ ಚಲೋ ಇರಲಿಲ್ಲ" ಎಂದೆ. ಅಲ್ಲಿಂದ ಶುರುವಾದ ನನ್ನ ಬಾಯಿ ನಿಲ್ಲಲಿಲ್ಲ. ಹಳ್ಳಿ ಮಂದಿ ಅಂದ್ರ ನಿಮಗ ಹಗುರು ಎಂದೆ. ಆಕೆ ನಾನು ಮುಗಿಸುವವರೆಗೆ ಕಾದಳು.

"ಯಾರೂ ಮುಟ್ಟಿಲ್ಲಂದ್ರ, ಇವರು ನಿದ್ದಿಯಾಗ ಹಲ್ಲು ಕಡೀತಿರಬೇಕು, ಇಲ್ಲಂದ್ರ ಎಲುಬೇ ತಾಳವಲ್ದು. ಹಂಗಿದ್ರ ಮತ್ತೊಮ್ಮಿ ಗೂಟ ಹಾಕಾಕ ನನಗ ಧೈರ್ಯ ಸಾಲದು. ತಗದು ಹಾಕೋ ಪಟ್ಟಿನೇ ಮಾಡಬೇಕಾಗ್ತದ."

ನನ್ನ ಸುಳ್ಳಿನ ಬೆಲೆ ಅಲ್ಲೇ ಎದುರಿಗಿತ್ತು. ನಾನು ಬಾಯಿಬಿಟ್ಟರೆ ಅಕ್ಕನಿಗೆ ಇನ್ನೊಂದು ದಾರಿ ಇರಬಹುದಿತ್ತು. ಬಿಡಲಿಲ್ಲ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ, "ಅಷ್ಟ್ಯಾಕ ಒದರಿದಿ? ಆಕಿ ನನಗ ಒಂಬತ್ತು ವರ್ಷ ರೊಟ್ಟಿ ತಿನಿಸ್ಯಾಳ" ಎಂದಳು. ಅವಳು ಡಾಕ್ಟರಮ್ಮನ ಮುಂದೆ ನನ್ನ ಹೆಸರು ಹೇಳಲಿಲ್ಲ. ಅದಕ್ಕೂ ನನಗೆ ಅವಳ ಮೇಲೆಯೇ ಸಿಟ್ಟು.

ಅಕ್ಕ ಮತ್ತೆ ನೆನೆಸಿದ ರೊಟ್ಟಿಗೆ ಬಂದಳು. ಅಂಚು ಕಡಿದು ನೋಡುವುದು ನಿಂತಿತು. ಒಂದು ದಿನ ಖಾನಾವಳಿಯವನು ಬಂದು ಬಾಗಿಲಲ್ಲಿ ನಿಂತ.

"ಅಕ್ಕಾರ, ರೊಟ್ಟಿ ಮೆತ್ತಗ ಬರಾಕತ್ತಾವ್ರಿ."

"ನಮ್ಮ ತಮ್ಮನ್ನ ಕೇಳಪಾ" ಎಂದಳು ಅಕ್ಕ, ಹಿಟ್ಟು ನಾದುತ್ತಲೇ. "ಯಾವುದು ಗಟ್ಟಿ, ಯಾವುದು ಮೆತ್ತಗ ಅಂತ ಹೇಳೋದು ಅವನೇ."

ಅವನು ನಕ್ಕ. ನಾನು ಎದ್ದು ಅಂಗಡಿಗೆ ಹೋದೆ. ಕೆಲಸ ಕೊಡಲು ಬಂದವರ ಮೇಲೆಲ್ಲ ಹರಿಹಾಯ್ದೆ. ಮಧ್ಯಾಹ್ನ ಆ ಸ್ಕ್ರೂಡ್ರೈವರನ್ನು ಅರಿವೆಯಲ್ಲಿ ಸುತ್ತಿಕೊಂಡು ಯಾದಗಿರಿಯ ಬಸ್ಸು ಹತ್ತಿದೆ.

ಡಾಕ್ಟರಮ್ಮ ನನ್ನನ್ನು ಕಂಡ ಕೂಡಲೇ ಬಾಗಿಲು ಮುಚ್ಚಲು ಎದ್ದಳು. ಇನ್ನೊಮ್ಮೆ ಒದರುತ್ತಾನೆ ಎಂದುಕೊಂಡಿರಬೇಕು.

"ತೆರದೇ ಇರ್ಲಿ ಮೇಡಂ" ಎಂದು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟೆ.

ಆಕೆ ಅದನ್ನು ಎತ್ತಿ, ಉಜ್ಜಿದ ತುದಿಯನ್ನು ನೋಡಿದಳು. "ಎಷ್ಟು ಸಲ?"

"ನಾಲ್ಕು."

"ಮುರದದ್ದು ಗೊತ್ತಾಗಿತ್ತೇನ್ರಿ?"

"ಗೊತ್ತಾಗಿತ್ರಿ. ಒಂದು ವರ್ಷ ಸುಮ್ನಿದ್ದೆ."

"ಮಾಡೋದು ಮಾಡಿ ನನ್ನ ಮ್ಯಾಲ ಹಾಕಿದ್ರಿ. ನಾನೂ ನಿಮ್ಮಕ್ಕನ ಎಲುಬಿನ ಮ್ಯಾಲ ಹಾಕಿದೆ" ಎಂದಳು. ಅವಳ ದನಿ ಏರಲಿಲ್ಲ. ಎಕ್ಸರೇ ಮತ್ತೆ ತೆಗೆದು ಬಹಳ ಹೊತ್ತು ನೋಡಿದಳು. ಹಳೆಯ ವರ್ಷಗಳದ್ದನ್ನೂ ಪಕ್ಕದಲ್ಲಿ ಹಿಡಿದಳು. ಕೆಟ್ಟ ಎರಡನ್ನು ತೆಗೆದು, ಎಲುಬು ತುಂಬುವವರೆಗೆ ಕಾದು ನೋಡೋಣ, ತುಂಬಿದರೆ ಮತ್ತೆ ಹಾಕಬಹುದು, ಮಾತು ಕೊಡಲಾರೆ ಎಂದಳು. ಕೊನೆಗೆ, "ತೋರಿಸಾಕ ಬರೋವಾಗ ನೀವು ಬ್ಯಾಡ. ಮನ್ಯಾಗಿನವರು ಬ್ಯಾರೆ ಯಾರರ ಕರ್ಕೊಂಡು ಬರ್ಲಿ" ಎಂದಳು. ಬೆಂಚಿನ ಮೇಲಿದ್ದವರು ಅದನ್ನೂ ಕೇಳಿದರು.

ಕೆಟ್ಟ ಎರಡು ಗೂಟ ತೆಗೆದಿದ್ದಾರೆ. ಎಲುಬು ತುಂಬುತ್ತದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ. ಅಕ್ಕನನ್ನು ನನ್ನ ಹೆಂಡತಿ ಕರೆದುಕೊಂಡು ಹೋಗುತ್ತಾಳೆ. ಅಂಗಡಿ ಮುಂದೆ ನಿಂತವರಿಗೆ ಹೇಳಿದ ಸುಳ್ಳನ್ನು ಒಬ್ಬೊಬ್ಬರ ಮುಂದೆ ತಿದ್ದುತ್ತಿದ್ದೇನೆ. ಸುಳ್ಳು ಕೇಳಿದಷ್ಟು ಆಸೆಯಿಂದ ಇದನ್ನು ಯಾರೂ ಕೇಳುವುದಿಲ್ಲ.

ಮುಂಜಾನೆ ಅಕ್ಕ ಒಲೆಯ ಮುಂದಿನ ಸಾಲಿನಿಂದ ಒಂದು ಅಂಚು ಮುರಿದು ನನ್ನ ಕೈಗೆ ಕೊಡುತ್ತಾಳೆ. ನಾನು ಕಡಿಯುವುದನ್ನೇ ನೋಡುತ್ತಾ ಕೂರುತ್ತಾಳೆ.

"ಹೇಳು."

"ಇನ್ನಾ ಮೆತ್ತಗದಾವಕ್ಕ" ಎನ್ನುತ್ತೇನೆ.

ಅವಳು ರೊಟ್ಟಿಗಳನ್ನು ಉರಿಯ ಹತ್ತಿರಕ್ಕೆ ಸರಿಸುತ್ತಾಳೆ.