ಬಾಣಂತಿ ಕೋಣೆಯ ಬೆಚ್ಚನೆ ನೆಲ

ಹನಕೆರೆಯ ಪುಟ್ಟರಾಜು ಮೇಷ್ಟ್ರು ದಿನಾ ರೈಲಿನಲ್ಲಿ ಮಂಡ್ಯಕ್ಕೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಬರುತ್ತಿದ್ದರು. ಮಾತು ಕಡಿಮೆ. ಯಾವುದನ್ನೇ ಆಗಲಿ ಮುಟ್ಟಿ, ಅಳೆದು, ಆಮೇಲೆ ನಂಬುವ ಸ್ವಭಾವ. ಎಪ್ಪತ್ತಾರರ ಚಳಿಗಾಲದಲ್ಲಿ ಕಿರಿಯ ಮಗಳು ಮಲ್ಲಿಗಮ್ಮ ಹೆರಿಗೆಗೆಂದು ತವರಿಗೆ ಬಂದಾಗ ಅವರು ಕೈಗೆತ್ತಿಕೊಂಡ ಕೆಲಸ ಊರಿಗೆಲ್ಲ ವಿಚಿತ್ರವಾಗಿ ಕಂಡಿತು. ಬಾಣಂತಿ ಕೋಣೆಯ ನೆಲವನ್ನೇ ಬಿಸಿ ಮಾಡಲು ಹೊರಟಿದ್ದರು.

ಹಿರಿಯ ಮಗಳು ಪಟ್ಟಲಮ್ಮ ಕೆಲವು ವರ್ಷಗಳ ಹಿಂದೆ ಅದೇ ಕೋಣೆಯಲ್ಲಿ ಬಾಣಂತಿಯಾಗಿ ಮಲಗಿದ್ದಳು. ಎಲ್ಲರ ಮನೆಯಂತೆ ಮಂಚದ ಕೆಳಗೆ ಕೆಂಡದ ಬಾಂಡಲಿ ಇಟ್ಟು, ಗಾಳಿ ಸೋಕದಂತೆ ಕಿಟಕಿ ಬಾಗಿಲು ಮುಚ್ಚಿದ್ದರು. ಬೆಳಿಗ್ಗೆ ತಾಯಿಯೂ ಏಳಲಿಲ್ಲ, ಮಗುವೂ ಏಳಲಿಲ್ಲ. ಕೆಂಡದ ವಿಷಗಾಳಿ ಎಂದರು ಡಾಕ್ಟರು. ಮೇಷ್ಟ್ರ ಹೆಂಡತಿ ಅಂಕಮ್ಮ ಅದನ್ನು ಒಪ್ಪಲೇ ಇಲ್ಲ. ಎಲ್ಲೋ ಒಂದು ಸಂದಿಯಲ್ಲಿ ಶೀತಗಾಳಿ ನುಗ್ಗಿ ಇಬ್ಬರನ್ನೂ ಕೊಂಡೊಯ್ದಿತು ಎಂಬುದು ಆಕೆಯ ನಂಬಿಕೆ.

ಈ ಸಲ ಕೋಣೆಯೊಳಗೆ ಬೆಂಕಿ ಬೇಡ, ಬಿಸಿ ಮಾತ್ರ ಬೇಕು ಎಂದು ಮೇಷ್ಟ್ರು ತೀರ್ಮಾನಿಸಿದರು. ನೆಲದಡಿ ಕರೆಂಟಿನ ತಂತಿ ಎಳೆಯುವ ಯೋಚನೆ ಮಾಡಿದರು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಂಡೆಯ ಬಿಸಿನೀರನ್ನು ಕೊಳವೆಯಲ್ಲಿ ಹರಿಸಬಹುದಿತ್ತು. ಕೊಳವೆ ಸೋರಿದರೆ ನೆಲವೆಲ್ಲ ತೇವ. ಕೊನೆಗೆ ಆಲೆಮನೆ ನೆನಪಾಯಿತು. ಬೆಲ್ಲದ ಒಲೆಯ ಹೊಗೆ ನೆಲದಡಿಯ ಕಾಲುವೆಯಲ್ಲಿ ಹಾದುಹೋಗುವ ಕಡೆ ಕೂಲಿಯವರು ಕಂಬಳಿಯಿಲ್ಲದೆ ಮಲಗುವುದನ್ನು ಅವರು ನೋಡಿದ್ದರು. ಆಲೆಮನೆಯ ಒಲೆ ಕಟ್ಟುವ ಚಿಕ್ಕಮಾದುವನ್ನೇ ಕರೆಸಿದರು.

"ಬಾಣಂತೀನ ಬೆಲ್ಲ ಕಾಯಿಸ್ದಂಗೆ ಕಾಯಿಸ್ಬುಡ್ತೀರಾ ಮೇಷ್ಟ್ರೇ?" ಎಂದು ನಗುತ್ತಲೇ ಅವನು ಕೆಲಸಕ್ಕಿಳಿದ. ಹಿತ್ತಲಲ್ಲಿ ಇದ್ದಿಲೊಲೆ, ಕೋಣೆಯ ಚಪ್ಪಡಿಗಳ ಕೆಳಗೆ ಹೊಗೆಯ ದಾರಿ, ಆಚೆ ಗೋಡೆಯ ಹೊರಗೆ ಬಾಯಿ ಬಿಟ್ಟ ಮಣ್ಣಿನ ಕೊಳವೆ. ಸಂದಿಗಳಿಗೆಲ್ಲ ಗಾರೆ ಮೆತ್ತಿದರು. ಮೇಷ್ಟ್ರು ಬರಿಗಾಲಲ್ಲಿ ಓಡಾಡಿ, ಶಾಲೆಯ ಥರ್ಮಾಮೀಟರು ಇಟ್ಟು ನೋಡಿ ಸಮಾಧಾನಪಟ್ಟರು.

ಗಂಡು ಮಗು ಹುಟ್ಟಿತು. ದೀಪ ಹಚ್ಚುವ ಹೊತ್ತಿಗೆ ಒಲೆಗೆ ಇದ್ದಿಲು ಬೀಳುತ್ತಿತ್ತು. ಮೊದಲ ವಾರ ಕಳೆದ ಮೇಲೆ ಇದ್ದಿಲು ಮೆಲ್ಲಗೆ ಉರಿದು ಬೆಳಗಿನವರೆಗೂ ಬಾಳತೊಡಗಿತು. ಕಡಿಮೆ ಇದ್ದಿಲಿಗೆ ಹೆಚ್ಚು ಹೊತ್ತು ಕಾವು ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು.

ಒಂದು ಬೆಳಿಗ್ಗೆ ಮಲ್ಲಿಗಮ್ಮ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಾ ಹೇಳಿದಳು: "ಅಕ್ಕ ಬಂದಿದ್ಲು ಕಣಪ್ಪ. ಕಾಲ್‌ತಾವ ಕೂತಿದ್ಲು."

ಮೇಷ್ಟ್ರು ಕನಸೆಂದರು. ಅಂಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸಂಜೆ ಮಗಳ ಬಳಿ ಕೂತಿದ್ದಾಗ ಆಕೆಯೂ ಹಿರಿಯಳನ್ನು ಕಂಡಿದ್ದಳಂತೆ. ಮುಖ ಇತ್ತ ತಿರುಗಿರಲಿಲ್ಲ, ಜಡೆ ಮಾತ್ರ ಕಂಡಿತಂತೆ. ತಂಗಿಯ ಮಗು ನೋಡೋಕೆ ಬಂದವಳೆ, ಬರಲಿ ಬುಡಿ ಎಂದಳು.

ಮರುದಿನ ರೈಲು ಇಳಿದು ಮನೆಗೆ ಬಂದವರೇ ಮೇಷ್ಟ್ರು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಕೂತರು. ಸುಳ್ಳೆಂದು ತೋರಿಸಿಬಿಡಬೇಕೆಂದೇ ಹೋದದ್ದು. ನೆಲ ಹಿತವಾಗಿತ್ತು. ಮಲ್ಲಿಗಮ್ಮ ನಿದ್ದೆಯಲ್ಲಿದ್ದಳು, ಕೆನ್ನೆ ಕೆಂಪಾಗಿತ್ತು. ತುಸು ಹೊತ್ತಿಗೆ ಅವರ ಕಾಲು ಭಾರವಾಯಿತು. ತೊಟ್ಟಿಲ ಪಕ್ಕದಲ್ಲಿ ಯಾರೋ ಬೆನ್ನು ಮಾಡಿ ಕೂತಿದ್ದರು. ಆ ಭುಜದ ಇಳಿಜಾರು ಅವರಿಗೆ ಗೊತ್ತು. ಕೂಗಬೇಕೆನಿಸಲಿಲ್ಲ. ಹೀಗೇ ಕೂತಿದ್ದರೆ ಸಾಕು, ಈಗ ತಿರುಗುತ್ತಾಳೆ ಎನಿಸಿತು.

ಅವಳು ತಿರುಗಲಿಲ್ಲ. ಒಂದು ಕೈ ಮಾತ್ರ ಎತ್ತಿ, ಸದ್ದು ಮಾಡಬೇಡಿ ಎಂಬಂತೆ ಅಲ್ಲಾಡಿಸಿದಳು. ಮಗು ಮಲಗಿದೆ.

ಮಗು ಮಲಗಿದೆ. ಈ ಹೊತ್ತಿಗೆ ಹಾಲಿಗೆ ರಚ್ಚೆ ಹಿಡಿಯಬೇಕಾದ ಕೂಸು. ತಾವು ಬಂದಾಗಿನಿಂದ ಒಮ್ಮೆಯೂ ಅತ್ತಿಲ್ಲವಲ್ಲ?

ಎದ್ದು ನಿಲ್ಲಲಾಗದೆ ತೆವಳಿಕೊಂಡೇ ಹೋಗಿ ಬಾಗಿಲು ತಳ್ಳಿದರು. ಮಗುವನ್ನು ಎದೆಗವಚಿ ಹೊರಗೆ ತಂದರು, ಓಡಿಬಂದ ಅಂಕಮ್ಮನೊಡನೆ ಸೇರಿ ಮಲ್ಲಿಗಮ್ಮನನ್ನೂ ಹೊರಗೆಳೆದರು. ಅಂಗಳದ ತಣ್ಣನೆ ಗಾಳಿಯಲ್ಲಿ ಬಹಳ ಹೊತ್ತು ಕೂಸು ಜೋತುಬಿದ್ದೇ ಇತ್ತು. ಆಮೇಲೆ ಅತ್ತಿತು.

ಲಾಟೀನು ಹಿಡಿದು ಹಿತ್ತಲು ಸುತ್ತಿದಾಗ ಗೋಡೆಯಾಚೆಯ ಕೊಳವೆಯ ಬಾಯಿಗೆ ಗೋಣಿತಾಟು ತುರುಕಿರುವುದು ಕಂಡಿತು. ಕೋಣೆಯ ನೆಲದಲ್ಲಿ ಕಾವಿಗೆ ಗಾರೆ ಒಣಗಿ ಕೂದಲೆಳೆಯಷ್ಟು ಬಿರುಕುಗಳು ಬಿಟ್ಟಿದ್ದವು. ಹೊರಬೀಳಲಾಗದ ವಿಷಗಾಳಿ ಅವುಗಳಲ್ಲಿ ಮೇಲೇರಿತ್ತು. ತಾನೇ ತುರುಕಿದ್ದೆಂದು ಅಂಕಮ್ಮ ಒಪ್ಪಿಕೊಂಡಳು. "ನಾಲೆ ಕಡೆ ಮಂಜುಗಾಳಿ ಅದರಲ್ಲೇ ನುಗ್ಗೋದು. ಬಾಣಂತಿ ಕೋಣೇಲಿ ತೂತು ಬುಟ್ಟೇನಾ?" ಎಂದಳು. ಮೇಷ್ಟ್ರು ಬೈಯಲಿಲ್ಲ. ಬೆಂಕಿ ಹೊರಗಿಟ್ಟರೆ ಕೆಲಸ ಮುಗಿಯಿತು ಎಂದುಕೊಂಡವರು ತಾವೇ. ಹೊಗೆಯ ದಾರಿ ಕಟ್ಟಿ ಇದ್ದಿಲು ಮೆಲ್ಲಗೆ ಉರಿದಾಗ ಯಾಕೆಂದು ಕೇಳದವರೂ ತಾವೇ.

ಬೆಳಿಗ್ಗೆ ಚಪ್ಪಡಿ ಕೀಳಲು ಹಾರೆ ತಂದರು. ಮಲ್ಲಿಗಮ್ಮ ಮಗುವಿನೊಡನೆ ಪಡಸಾಲೆಯಲ್ಲಿದ್ದಳು. ಅಂಕಮ್ಮ ಬಂದು ತೊಟ್ಟಿಲಿದ್ದ ಜಾಗದ ಚಪ್ಪಡಿಯ ಮೇಲೆ ಕೂತಳು.

"ಕೀಳಬ್ಯಾಡಿ. ಒಂದೇ ಒಂದು ಸಂಜೆ ಬುಡಿ. ತಾಯಿ ಮಗು ಆಚೆ ಇರ್ಲಿ. ನಾನೊಬ್ಳೇ ಕೂತ್ಕತೀನಿ."

"ಅದು ಅವಳಲ್ಲ ಕಣೇ. ವಿಷ."

"ನೀವೂ ನೋಡುದ್ರಲ್ಲ?"

ನಿನ್ನೆ ಬಾಗಿಲಿಗೆ ತೆವಳುವಾಗ ತೊಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿದ್ದು ಮೇಷ್ಟ್ರಿಗೆ ನೆನಪಾಯಿತು. ಹೊರಗೆ ಹೋಗಿ ಮತ್ತೆ ಹೊತ್ತದಂತೆ ಒಲೆಯ ಬೂದಿಗೆ ನೀರು ಸುರಿದು ಬಂದರು. ಹಾರೆಯನ್ನು ಗೋಡೆಗೆ ಒರಗಿಸಿ, ಹೆಂಡತಿಯ ಪಕ್ಕ ಕೂತು, ಕಲ್ಲು ತಣ್ಣಗಾಗುವವರೆಗೂ ಕಾದರು.