ಎದುರುಮನೆಯ ಅಟ್ಟದ ಕಾಯಿ

ನಾನು ಮದುವೆಯಾಗಿ ತಿಪಟೂರು ಸೀಮೆಯ ಆ ಊರಿಗೆ ಬಂದಾಗ ಎದುರುಮನೆಯ ಬೀಗದ ಮೇಲೆ ಅರಗಿನ ಮುದ್ರೆಯಿತ್ತು. ಸಾಲಕ್ಕೆ ಜಪ್ತಿಯಾದ ಮನೆ. ಇದ್ದವರು ಊರು ಬಿಟ್ಟಿದ್ದರು. ಯಜಮಾನ ಪರವೂರಲ್ಲಿ ತೀರಿಕೊಂಡನೆಂದು ಸುದ್ದಿ. ಕಾನ್ವೆಂಟಿನ ಲೈಬ್ರರಿಯಲ್ಲಿ ಹಾಂಟೆಡ್ ಹೌಸ್ ಕತೆಗಳನ್ನು ಓದಿ ಬಂದವಳು ನಾನು. ಜಗಲಿಯಲ್ಲಿ ಕೂತರೆ ಆ ಕಿಟಕಿಗಳಿಗೆ ಬೆನ್ನು ಮಾಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಗೆ ಸರ್ಕಾರದ ಒಂದು ಸ್ಕೀಮ್ ಬಂತು. ಹೀಗೆ ಜಪ್ತಿಯಾಗಿ ಪಾಳುಬಿದ್ದ ಮನೆಗಳನ್ನು ರಿಪೇರಿ ಮಾಡಿಸಿ ಸೂರಿಲ್ಲದವರಿಗೆ ಕೊಡುವುದು. ಎದುರುಮನೆ ನಮ್ಮ ತೆಂಗಿನ ತೋಟದಲ್ಲಿ ಮಟ್ಟೆ ಒಟ್ಟುತ್ತಿದ್ದ ವಿಧವೆಗೆ ಅಲಾಟ್ ಆಯಿತು. ಅವಳಿದ್ದದ್ದು ನಮ್ಮ ಕಾಯಿ ಶೆಡ್ಡಿನ ಮೂಲೆಯಲ್ಲಿ. ಶೆಟ್ಟಿಕೆರೆಗೆ ಕೊಟ್ಟ ಮಗಳು ಚೊಚ್ಚಲ ಬಸುರಿ. ಬಾಣಂತನಕ್ಕೆ ಕರೆತರಲು ತನ್ನದೆಂಬ ಒಂದು ಮನೆ ಬೇಕಿತ್ತು, ಅಷ್ಟೆ.

ಓವರ್‌ಸೀಯರ್ ಬೀಗ ತೆಗೆಸಿದ ದಿನವೇ ಅವಳು, ಕೂಲಿಯಾಗಿ ಪಡೆದು ಕೂಡಿಟ್ಟಿದ್ದ ತೆಂಗಿನಕಾಯಿಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿದಳು.

"ರಿಪೇರಿ ಆಗ್ಲಿ ತಡಿಯೇ," ಅಂದರು ನಮ್ಮತ್ತೆ.

"ಅಟ್ಟದ್ ಮೇಲೆ ಕಾಯಿ ಇಲ್ದಿದ್ರೆ ಅದೇನ್ ಮನೆ, ಬುಡಿ ದೊಡ್ಡವ್ವಾರೆ. ಇವು ಕೊಬ್ಬರಿ ಆಗೋದ್ರೊಳ್ಗೆ ಮೊಮ್ಮಗ ಅಂಬೆಗಾಲಿಕ್ತಾನೆ."

ನಮ್ಮ ಕಡೆ ಕಾಯಿ ಅಟ್ಟದ ಕತ್ತಲಲ್ಲಿ ವರ್ಷದಷ್ಟು ಕಾಲ ಕೂತಿರಬೇಕು. ಒಳಗಿನ ನೀರಾರಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದಾಗಲೇ ಕೈಹಚ್ಚುವುದು.

ಕೆಲಸದವರು ಸೂರಿನ ಹೆಂಚು ಇಳಿಸಿದರು, ಗೆದ್ದಲು ತಿಂದ ತೊಲೆ ಕಿತ್ತರು. ಆಮೇಲೆ ಬರಲೇ ಇಲ್ಲ. ಸರ್ಕಾರ ಸ್ಕೀಮಿಗೆ ಗ್ರಾಂಟ್ ನಿಲ್ಲಿಸಿದೆ ಎಂದು ಹೇಳಿ ಒಬ್ಬ ಗುಮಾಸ್ತ ಮತ್ತೆ ಬೀಗ ಜಡಿದ.

"ನನ್ ಕಾಯಿ ಒಳಗವೆ ಸ್ವಾಮಿ."

"ಮೇಲಿಂದ ಆರ್ಡರ್ ಬರ್ಲಿ ಕಣಮ್ಮ, ತೆಗ್ಯಾಣ."

ಹಿತ್ತಲ ಗೋಡೆ ಹತ್ತಿ ಇಳಿದರಾಯಿತಲ್ಲ ಎಂದರು ನಮ್ಮ ಯಜಮಾನರು. ಅವಳು ಒಪ್ಪಲಿಲ್ಲ. "ನನ್ ಮನೆಗೆ ನಾನೇ ಕಳ್ಳಿ ಹಂಗೆ ಗೋಡೆ ಹಾರ್ಲಾ? ಬಾಗ್ಲಾಗೇ ಹೋಯ್ತೀನಿ."

ಸಂಜೆ ನಮ್ಮ ಜಗಲಿಗೆ ಬಂದು ಎದುರಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಅಟ್ಟದಲ್ಲಿ ಇಲಿಗಳು ಕಾಯಿ ಉರುಳಿಸುತ್ತಿದ್ದವು. ಆ ಮನೆಯ ಸತ್ತ ಯಜಮಾನ ಓಡಾಡುತ್ತಿದ್ದಾನೆಂದು ದಾರಿಹೋಕರು ಹೆಜ್ಜೆ ಚುರುಕು ಮಾಡುತ್ತಿದ್ದರು. ನಾನು ಬೆನ್ನು ತಿರುಗಿಸಿಯೇ ಕೂರುತ್ತಿದ್ದೆ. ಅವಳು ಮಾತ್ರ, "ಇನ್ನೂ ನೀರೈತೆ ಚಿಕ್ಕವ್ವಾರೆ, ಗಡಗಡ ಅಂತಿಲ್ಲ," ಅನ್ನುತ್ತಿದ್ದಳು.

ಮಳೆ ಹಿಡಿಯಿತು. ಒಂದು ಸಂಜೆ ಅಟ್ಟ ಕುಸಿದು ಕಾಯೆಲ್ಲ ದಬದಬನೆ ನೆಲಕ್ಕೆ ಬಿದ್ದದ್ದನ್ನು ನಾವಿಬ್ಬರೂ ಕೂತು ಕೇಳಿದೆವು. ಅವಳು ಏಳಲಿಲ್ಲ. ಅಷ್ಟರಲ್ಲಿ ಮಗಳ ಹೆರಿಗೆ ಅತ್ತೆಮನೆಯಲ್ಲೇ ಆಗಿಹೋಗಿತ್ತು. ಆಮೇಲೆ ಎದುರುಮನೆಯಲ್ಲಿ ಸದ್ದೇ ಇಲ್ಲ. ಆ ಸೈಲೆನ್ಸ್ ನನ್ನನ್ನು ಇಲಿಗಳಿಗಿಂತ ಹೆಚ್ಚು ಹೆದರಿಸಿತು.

ಕೆಲವು ಮಳೆಗಾಲ ಕಳೆದ ಮೇಲೆ, ಸೂರಿಲ್ಲದ ಗೋಡೆಯ ಮೇಲಿಂದ ಹಸಿರು ಗರಿಗಳು ಇಣುಕಿದವು. ಕೊಬ್ಬರಿಯಾಗಬೇಕಿದ್ದ ಕಾಯಿ ಮೊಳೆತು ಸಸಿಯಾಗಿದ್ದವು.

ಅವಳು ಜಗಲಿಯಿಂದಿಳಿದು ಬೀದಿಗೆ ಹೋಗಿ ನೋಡಿದಳು. "ನಂಗೆ ಕೊಡ್ತೀವಿ ಅಂದ್ರು. ನೋಡಿ, ಇವು ಯಾರ್ನೂ ಕೇಳ್ದೆ ಸಂಸಾರ ಹೂಡ್ಕಂಡವೆ," ಎಂದು ನಕ್ಕಳು. ಮತ್ತೆ ಜಗಲಿಗೆ ಬರಲಿಲ್ಲ. ಸಾಯುವವರೆಗೂ ಶೆಡ್ಡಿನ ಮೂಲೆಯಲ್ಲೇ ಇದ್ದಳು.

ಈಗ ಅಲ್ಲಿ ಎತ್ತರದ ಮರಗಳಿವೆ. ಬೀಗ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿದೆ. ಗಾಳಿಯಿಲ್ಲದ ಸಂಜೆಯಲ್ಲೂ ಒಂದೊಂದು ಕಾಯಿ ಒಳಗೆ ಧೊಪ್ಪೆಂದು ಬೀಳುತ್ತದೆ. ಆರಿಸಲು ಯಾರೂ ಹೋಗುವುದಿಲ್ಲ. ದೆವ್ವದ ಭಯ ಅನ್ನುತ್ತಾರೆ ಊರವರು. ನನಗಾದರೋ, ಅವಳೇ ಹಾರದ ಗೋಡೆಯನ್ನು ಬೇರೆ ಯಾರು ಹಾರಿಯಾರು ಅನ್ನಿಸುತ್ತದೆ.